ಅಚ್ಚಾಗದೇ ಉಳಿದ ಕಾರ್ಡುಗಳು

ಹಳೇ ಕ್ರಿಕೆಟ್ ಕಾರ್ಡ್ ನನ್ನ ಹವ್ಯಾಸ. ಕೂಡಿಡೋದಲ್ಲ ಸ್ವಾಮಿ, ಮಾಡೋದು. ಆ ಕಾಲದಲ್ಲಿ ಯಾರೂ ಅಚ್ಚು ಹಾಕದೇ ಹೋದ ಕಾರ್ಡುಗಳನ್ನು, ಅಚ್ಚು ಹಾಕಿದ್ದರೆ ಹೇಗಿರುತ್ತಿತ್ತೋ ಹಾಗೆ ಈಗ ಕೂತು ಬಿಡಿಸೋದು. ಭಾನುವಾರ ಮಧ್ಯಾಹ್ನ ಲ್ಯಾಪ್‌ಟಾಪ್ ಮುಂದೆ ಕೂತರೆ ನಾಲ್ಕು ಗಂಟೆ ಹೋಗಿದ್ದೇ ಗೊತ್ತಾಗೋಲ್ಲ. ಸಂಜೆ ಡೊಂಬಿವಲಿ ಪೂರ್ವದ ಫಡ್ಕೆ ರೋಡ್ ಕಡೆ ಹೋಗಿ ದಪ್ಪ ಆರ್ಟ್ ಕಾರ್ಡಿನ ಮೇಲೆ ಪ್ರಿಂಟ್ ತೆಗೆಸಿಕೊಂಡು ಬರುತ್ತೇನೆ. ಮನೆಯಾಕೆ "ರಿಟೈರ್ ಆಗೋ ವಯಸ್ಸು ಹತ್ತಿರ ಬಂತು, ಇನ್ನೂ ಚೀಟಿ ಕತ್ತರಿಸ್ತಾ ಕೂತಿದ್ದೀರಲ್ರೀ" ಅಂತಾಳೆ. ಆಕೆ ಹೇಳೋದು ತಮಾಷೆಗೆ. ಆದರೆ ಇದೇ ಮಾತನ್ನು ಗಂಭೀರವಾಗಿ ಹೇಳುವವರೂ ಇದ್ದಾರೆ. "ಇಲ್ಲದ್ದನ್ನು ಇತ್ತು ಅಂತ ತೋರಿಸೋದು ಸುಳ್ಳಲ್ವೇ?" ಅಂತ ಕೇಳುತ್ತಾರೆ. ಪ್ರಶ್ನೆ ಸಣ್ಣದಲ್ಲ. ಅದಕ್ಕೇ ಇದನ್ನು ಬರೆಯಲು ಕೂತೆ.

ಮೊದಲು ಈ ಹುಚ್ಚು ಎಲ್ಲಿಂದ ಬಂತು ಅನ್ನೋದನ್ನು ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಬೇಸ್‌ಬಾಲ್ ಅಂತ ಒಂದು ಆಟ, ಆ ಆಟಗಾರರ ಕಾರ್ಡುಗಳು ಅಂತ ಒಂದು ದೊಡ್ಡ ಲೋಕ. ಮೊದಲು ಸಿಗರೇಟು ಪ್ಯಾಕಿನಲ್ಲಿ ಬರುತ್ತಿದ್ದವು, ಆಮೇಲೆ ಬಬಲ್ ಗಮ್ ಜೊತೆ. 1952ರಲ್ಲಿ ಟಾಪ್ಸ್ ಅನ್ನುವ ಗಮ್ ಕಂಪನಿ 407 ಕಾರ್ಡುಗಳ ಒಂದು ಸೆಟ್ ಹೊರಡಿಸಿತು. ಅದನ್ನು ರೂಪಿಸಿದವರಲ್ಲಿ ಮುಖ್ಯನಾದ ಸೈ ಬರ್ಗರ್ ತನ್ನ ಅಡುಗೆಮನೆ ಟೇಬಲ್ ಮೇಲೆ ಕತ್ತರಿ, ರಟ್ಟು ಇಟ್ಟುಕೊಂಡು ನಮೂನೆ ಮಾಡಿದನಂತೆ. ಮಾರಾಟವಾಗದೇ ಉಳಿದ ಪೆಟ್ಟಿಗೆಗಟ್ಟಲೆ ಕಾರ್ಡುಗಳನ್ನು 1960ರಲ್ಲಿ ಸಮುದ್ರಕ್ಕೆ ಸುರಿದರು. ಅದೇ ಸೆಟ್ಟಿನ ಮಿಕ್ಕಿ ಮ್ಯಾಂಟಲ್ ಕಾರ್ಡ್ ಒಂದು 2022ರ ಆಗಸ್ಟ್‌ನಲ್ಲಿ 1 ಕೋಟಿ 26 ಲಕ್ಷ ಡಾಲರ್‌ಗೆ ಹರಾಜಾಯಿತು! ರೂಪಾಯಿಗೆ ಪರಿವರ್ತಿಸಿ ನೋಡಿ, ನಮ್ಮ ಕಡೆಯ ಒಂದು ಇಡೀ ಬಿಲ್ಡಿಂಗ್ ಬರುತ್ತದೆ.

ಅಲ್ಲೊಂದು ಪಂಗಡದ ಜನ ಇದ್ದಾರೆ. ಅವರು ಹಳೇ ಕಾರ್ಡ್ ಕೊಳ್ಳೋದಿಲ್ಲ, ಎಂದೂ ಅಚ್ಚಾಗದ ಕಾರ್ಡುಗಳನ್ನು ಹಳೇ ಶೈಲಿಯಲ್ಲೇ ವಿನ್ಯಾಸ ಮಾಡುತ್ತಾರೆ. ಒಬ್ಬ ಆಟಗಾರ ಆ ವರ್ಷ ಕಂಪನಿ ಜೊತೆ ಕರಾರು ಮಾಡಿಕೊಳ್ಳಲಿಲ್ಲ, ಹಾಗಾಗಿ ಕಾರ್ಡ್ ಬರಲಿಲ್ಲ. ಇನ್ನೊಬ್ಬ ಒಂದೇ ಪಂದ್ಯ ಆಡಿದ, ಕಾರ್ಡ್ ಬರಲಿಲ್ಲ. ಇದೆಲ್ಲ ಸರಿ. ಆದರೆ ಕರಿಯರ ಕಥೆ ಬೇರೆ. 1947ರ ಏಪ್ರಿಲ್‌ನಲ್ಲಿ ಜಾಕಿ ರಾಬಿನ್ಸನ್ ಬರುವವರೆಗೆ ಇಪ್ಪತ್ತನೇ ಶತಮಾನದ ಮೇಜರ್ ಲೀಗಿನಲ್ಲಿ ಕರಿಯರಿಗೆ ಜಾಗವೇ ಇರಲಿಲ್ಲ. ಅವರು ತಮ್ಮದೇ ನೀಗ್ರೋ ಲೀಗುಗಳಲ್ಲಿ ಆಡುತ್ತಿದ್ದರು. ದೊಡ್ಡ ಸಿಗರೇಟು ಕಂಪನಿ, ಗಮ್ ಕಂಪನಿಗಳಿಗೆ ಅವರು ಕಾಣಿಸಲೇ ಇಲ್ಲ. 2020ರ ಡಿಸೆಂಬರಿನಲ್ಲಿ ಆ ಲೀಗುಗಳಿಗೂ ಮೇಜರ್ ಲೀಗಿನ ಮಾನ್ಯತೆ ಸಿಕ್ಕಿತು. 2024ರ ಮೇ ತಿಂಗಳಲ್ಲಿ ಅಂಕಿಅಂಶಗಳನ್ನು ಸೇರಿಸಿದಾಗ, 1947ರಲ್ಲೇ ತೀರಿಕೊಂಡಿದ್ದ ಜಾಶ್ ಗಿಬ್ಸನ್ .372 ಸರಾಸರಿಯೊಂದಿಗೆ ಎಲ್ಲರಿಗಿಂತ ಮೇಲೆ ಬಂದು ಕೂತ. ಸತ್ತ 77 ವರ್ಷದ ಮೇಲೆ! ಇದನ್ನು ಓದಿದ ದಿನ ನನಗೆ ಅನ್ನಿಸಿದ್ದು ಒಂದೇ: ನಮ್ಮಲ್ಲಿ ಇಂಥವರು ಯಾರು?

ಹುಡುಕಲು ದೂರ ಹೋಗಬೇಕಾಗಲಿಲ್ಲ. ಪಾಲ್ವಣಕರ್ ಬಾಲೂ. ಹುಟ್ಟಿದ್ದು 1876ರಲ್ಲಿ, ನಮ್ಮ ಧಾರವಾಡದಲ್ಲಿ. ಚಮ್ಮಾರ ಜಾತಿಯ ಮನೆ, ಮೂಲ ಕೊಂಕಣದ ಪಾಲ್ವಣ. ಪುಣೆಯಲ್ಲಿ ಪಾರ್ಸಿಗಳ ಕ್ಲಬ್ಬಿನಲ್ಲಿ ತಿಂಗಳಿಗೆ ಮೂರು ರೂಪಾಯಿ ಸಂಬಳಕ್ಕೆ ಪಿಚ್ ಗುಡಿಸಿ ರೋಲರ್ ಎಳೆಯುತ್ತಿದ್ದರು. ಆಮೇಲೆ ಯುರೋಪಿಯನ್ನರ ಪೂನಾ ಕ್ಲಬ್ಬಿನಲ್ಲಿ ನಾಲ್ಕು ರೂಪಾಯಿ. ಅಲ್ಲಿ ದೊರೆಗಳಿಗೆ ನೆಟ್ಸ್‌ನಲ್ಲಿ ಚೆಂಡು ಹಾಕಿ ಹಾಕಿಯೇ ಎಡಗೈ ಸ್ಪಿನ್ ಪಳಗಿತು. ಪುಣೆಯ ಹಿಂದೂಗಳ ತಂಡಕ್ಕೆ ಆ ಎಡಗೈ ಬೇಕಿತ್ತು, ಮನುಷ್ಯ ಬೇಕಿರಲಿಲ್ಲ. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನೇ ಎಲ್ಲರೂ ಹಿಡಿಯುತ್ತಿದ್ದರು. ಟೀ ಹೊತ್ತಿಗೆ ಮಾತ್ರ ಉಳಿದವರಿಗೆ ಪೆವಿಲಿಯನ್ ಒಳಗೆ ಪಿಂಗಾಣಿ ಕಪ್ಪು, ಅವರಿಗೆ ಹೊರಗಡೆ ಮಣ್ಣಿನ ಕುಡಿಕೆ. ರಾಮಚಂದ್ರ ಗುಹಾ 2002ರಲ್ಲಿ ಭಾರತದ ಕ್ರಿಕೆಟ್ ಚರಿತ್ರೆಯ ಬಗ್ಗೆ ಬರೆದ ಪುಸ್ತಕದಲ್ಲಿ ಇದೆಲ್ಲ ವಿವರವಾಗಿದೆ.

1911ರಲ್ಲಿ ಪಟಿಯಾಲದ ಮಹಾರಾಜರ ನಾಯಕತ್ವದಲ್ಲಿ ಮೊದಲ ಅಖಿಲ ಭಾರತ ತಂಡ ಇಂಗ್ಲೆಂಡಿಗೆ ಹೋಯಿತು. ತಂಡ ಸೋತ ಪಂದ್ಯಗಳೇ ಹೆಚ್ಚು. ಆದರೆ ಬಾಲೂ ಎಲ್ಲ ಪಂದ್ಯಗಳೂ ಸೇರಿ 114 ವಿಕೆಟ್ ತೆಗೆದರು, ಸರಾಸರಿ 18.84. ಆಗ ಅವರ ವಯಸ್ಸು ಮೂವತ್ತೈದು. ಅದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಸಿಗರೇಟು ಕಾರ್ಡುಗಳ ಭರಾಟೆ. ವಿಲ್ಸ್ ಕಂಪನಿ 1896ರಲ್ಲೇ ಐವತ್ತು ಕ್ರಿಕೆಟಿಗರ ಸೆಟ್ ತಂದಿತ್ತು. ನಮ್ಮ ಜಾಮನಗರದ ರಣಜಿ ಸಾಹೇಬರ ಚಿತ್ರ ಸಿಗರೇಟು ಕಾರ್ಡುಗಳಲ್ಲಿ ಬಂದಿತ್ತು. ಅವರು ಇಂಗ್ಲೆಂಡಿಗೆ ಆಡಿದವರು, ರಾಜಮನೆತನದವರು. ಧಾರವಾಡದಲ್ಲಿ ಹುಟ್ಟಿದ ಪಿಚ್ ಗುಡಿಸುವ ಹುಡುಗನ ಚಿತ್ರವನ್ನು ಜೇಬಿನಲ್ಲಿಟ್ಟುಕೊಂಡು ತಿರುಗುವ ಭಾಗ್ಯ ನಮ್ಮ ಅಜ್ಜಂದಿರ ಕಾಲದ ಹುಡುಗರಿಗೆ ಇರಲಿಲ್ಲ.

ನನ್ನ ಮೊದಲ ಕಾರ್ಡ್ ಅವರದ್ದೇ. ಅದನ್ನು ಮಾಡುವಾಗ ಎದ್ದ ಪ್ರಶ್ನೆಗಳೇ ಈ ಕೆಲಸದ ನಿಜವಾದ ಮಜಾ. ಯಾರು ಅಚ್ಚು ಹಾಕಿರುತ್ತಿದ್ದರು? ಹೇಗೆ? ರವಿವರ್ಮನ ಮುದ್ರಣಾಲಯ 1894ರಲ್ಲಿ ಬೊಂಬಾಯಿಯಲ್ಲಿ ಶುರುವಾಗಿ, ಆಮೇಲೆ ಲೋಣಾವಳದ ಹತ್ತಿರದ ಮಳವಲಿಗೆ ಹೋಗಿತ್ತು. ಅಂದರೆ ಬಣ್ಣದ ಕಲ್ಲಚ್ಚು ನಮ್ಮ ಕಡೆ ಆಗಲೇ ಇತ್ತು. ದೇವರ ಪಟ, ಬಟ್ಟೆ ಥಾನಿನ ಚೀಟಿ, ಬೆಂಕಿಪೆಟ್ಟಿಗೆ ಚೀಟಿ ಎಲ್ಲ ಅದೇ ಬಣ್ಣಗಳಲ್ಲಿ ಬರುತ್ತಿದ್ದವು. ಕಲ್ಯಾಣದ ಆಚೆ ಅಂಬರನಾಥದಲ್ಲಿ ವಿಮ್ಕೋ ಬೆಂಕಿಪೆಟ್ಟಿಗೆ ಕಾರ್ಖಾನೆ ಬಂದದ್ದು ಇನ್ನೂ ಆಮೇಲೆ, 1920ರ ದಶಕದಲ್ಲಿ. ಹಾಗಾಗಿ 1912ರ ಕಾರ್ಡಿಗೆ ವಿಮ್ಕೋ ಹೆಸರು ಹಾಕಿದರೆ ತಪ್ಪಾಗುತ್ತದೆ. ಕಂಪನಿಯ ಜಾಗ ಖಾಲಿ ಬಿಟ್ಟೆ. ಬಣ್ಣ ಮಾತ್ರ ಕಲ್ಲಚ್ಚಿನದು: ಮಾಸಲು ಹಸಿರು, ಇಟ್ಟಿಗೆ ಕೆಂಪು, ಆಕಾಶಕ್ಕೆ ಹಳದಿ. ಹೀಗೆ ಒಂದು ಅಂಗೈಯಗಲದ ಚೀಟಿ ಮಾಡಲು ಹೋಗಿ ಮುದ್ರಣ, ವ್ಯಾಪಾರ, ಜಾತಿ, ರೈಲ್ವೆ ಎಲ್ಲವನ್ನೂ ಓದಿಕೊಂಡೆ. ಬಾಲೂ ಬೊಂಬಾಯಿಗೆ ಬಂದ ಮೇಲೆ ನೌಕರಿ ಮಾಡಿದ್ದು ಬಿಬಿ ಅಂಡ್ ಸಿಐ ರೈಲ್ವೆಯಲ್ಲಿ. ಬಿ.ಕಾಂ. ಓದುವಾಗ ಇಷ್ಟು ಆಸ್ಥೆಯಿಂದ ಓದಿದ್ದರೆ ರ್‍ಯಾಂಕ್ ಬರುತ್ತಿತ್ತೇನೋ :-)

ಈಗ ಸುಳ್ಳಿನ ಪ್ರಶ್ನೆಗೆ ಬರೋಣ.

ನಾನು ಬ್ಯಾಂಕಿನವನು. ಮೂವತ್ತು ವರ್ಷದಿಂದ ಸಹಿ ತಾಳೆ ನೋಡೋದೇ ಕೆಲಸ. ಖೋಟಾ ಅಂದರೇನು ಅನ್ನುವುದರ ಬಗ್ಗೆ ನಮ್ಮ ವೃತ್ತಿಯಲ್ಲಿ ಗೊಂದಲವಿಲ್ಲ. ಡ್ರಾಫ್ಟ್ ಕಳೆದು ಹೋದರೆ ಇನ್ನೊಂದು ಕೊಡುತ್ತೇವೆ, ಅದರ ಮೇಲೆ 'ಡ್ಯೂಪ್ಲಿಕೇಟ್' ಅಂತ ಬರೆದಿರುತ್ತದೆ. ಅದು ಖೋಟಾ ಅಲ್ಲ. ಮಕ್ಕಳ ಆಟದ ನೋಟು ಬರುತ್ತವಲ್ಲ, 'ಮನೋರಂಜನ್ ಬ್ಯಾಂಕ್' ಅಂತ ಅಚ್ಚಾಗಿರುತ್ತದೆ, ಅದನ್ನು ಇಟ್ಟುಕೊಂಡು ಮಗು ಅಂಗಡಿ ಆಟ ಆಡಿದರೆ ಅಪರಾಧವಲ್ಲ. ಅದನ್ನೇ ಕಟ್ಟಿನ ಮಧ್ಯೆ ಸೇರಿಸಿ ಕೌಂಟರಿಗೆ ತಂದರೆ ಅಪರಾಧ. ಎರಡೂ ಕಡೆ ಕಾಗದ ಅದೇ. ನಾನು ಏನು ಅಂತ ಆ ಕಾಗದವೇ ಹೇಳಿಕೊಳ್ಳುತ್ತದೆಯೋ, ಅದನ್ನು ಹಿಡಿದವನು ಏನು ಅಂತ ಹೇಳಿ ದಾಟಿಸುತ್ತಾನೋ, ವ್ಯತ್ಯಾಸ ಇರುವುದು ಅಲ್ಲಿ.

ನಿಜವಾದ ಹಳೇ ಕಾರ್ಡೂ ಸುಳ್ಳು ಹೇಳಬಲ್ಲದು ಅನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 1909ರಿಂದ 1911ರ ನಡುವೆ ಅಮೆರಿಕನ್ ಟೊಬ್ಯಾಕೋ ಕಂಪನಿ ತಂದ ಸೆಟ್ಟಿನಲ್ಲಿ ಹೋನಸ್ ವ್ಯಾಗ್ನರ್ ಅನ್ನುವವನ ಕಾರ್ಡ್ ಬಹಳ ಅಪರೂಪದ್ದು. ಅದರಲ್ಲೂ ಅಂಚು ಒಂದಿಷ್ಟೂ ಸವೆಯದ ಒಂದು ಪ್ರತಿ ಜಗತ್ಪ್ರಸಿದ್ಧವಾಗಿತ್ತು. 2007ರಲ್ಲಿ 28 ಲಕ್ಷ ಡಾಲರ್‌ಗೆ ಹೋಯಿತು. ಕೊನೆಗೆ 2013ರಲ್ಲಿ ಬಿಲ್ ಮಾಸ್ಟ್ರೋ ಅನ್ನುವ ಹರಾಜುದಾರ, ಆ ಕಾರ್ಡಿನ ಅಂಚನ್ನು ತಾನೇ ಕತ್ತರಿಸಿ ನೇರ ಮಾಡಿದ್ದಾಗಿ ಒಪ್ಪಿಕೊಂಡ. ವಂಚನೆ ಪ್ರಕರಣದಲ್ಲಿ ಜೈಲು ಶಿಕ್ಷೆಯೂ ಆಯಿತು. ನೋಡಿ, ಕಾರ್ಡ್ ನೂರಕ್ಕೆ ನೂರು ಹಳೆಯದು, ಚಿತ್ರ ಅಸಲಿ, ಕಾಗದ ಅಸಲಿ. ಆದರೂ ಮೋಸ. ನನ್ನ ಬಾಲೂ ಕಾರ್ಡ್ ನಿನ್ನೆ ಮೊನ್ನೆಯದು, ಆದರೆ ಮೋಸ ಇಲ್ಲ. ಯಾಕೆಂದರೆ ಅದರ ಹಿಂದೆ ಕನ್ನಡದಲ್ಲಿ ಸ್ಪಷ್ಟವಾಗಿ ಬರೆದಿದೆ: "ಇದು ಅಂದು ಅಚ್ಚಾಗದ ಕಾರ್ಡ್. ಈಗ ಮಾಡಿದ್ದು." ಜೊತೆಗೆ ಮಾಡಿದ ವರ್ಷ.

ಈ ಒಂದು ಸಾಲು ಯಾಕೆ ಮುಖ್ಯ ಅಂದರೆ, ಕಾಲ ಕೆಟ್ಟಿದೆ. ಕೆಲವು ತಿಂಗಳ ಹಿಂದೆ ಪರಿಚಯದವರೊಬ್ಬರ ವಾಟ್ಸಪ್ ಗುಂಪಿನಲ್ಲಿ ಒಂದು ಚಿತ್ರ ಬಂತು. '1911ರ ಅಸಲಿ ಸಿಗರೇಟ್ ಕಾರ್ಡ್, ಪಿ. ಬಾಲೂ' ಅಂತ ಅಡಿಬರಹ. ಕಂದು ಬಣ್ಣ, ಮೂಲೆ ಮಡಚಿದ ಗುರುತು, ಮೇಲೊಂದು ಚಹಾ ಕಲೆ. ಎಲ್ಲರೂ ಕೈ ಮುಗಿಯುತ್ತಿರುವ ಚಿಹ್ನೆ ಹಾಕಿದ್ದೇ ಹಾಕಿದ್ದು. ದೊಡ್ಡದು ಮಾಡಿ ನೋಡಿದೆ. ಟೋಪಿ ಮೇಲೆ ಬಿಸಿಸಿಐ ಲಾಂಛನ! ಬಿಸಿಸಿಐ ಹುಟ್ಟಿದ್ದೇ 1928ರಲ್ಲಿ. ಕಂಪ್ಯೂಟರಿಗೆ ಒಂದು ಸಾಲು ಹೇಳಿ ಅರ್ಧ ನಿಮಿಷದಲ್ಲಿ ಮಾಡಿಸಿದ್ದು. ಕಳಿಸಿದವರಿಗೆ ತಿಳಿಸಿದೆ. "ಇರಲಿ ಬಿಡಿ ಸಾರ್, ಒಳ್ಳೇ ಕೆಲಸಕ್ಕೆ ತಾನೇ, ಜನಕ್ಕೆ ಗೊತ್ತಾಗಲಿ" ಅಂದರು.

ಇದನ್ನು ನಾನು ಒಪ್ಪೋದಿಲ್ಲ. ಒಳ್ಳೇ ಕೆಲಸಕ್ಕೆ ಸುಳ್ಳು ದಾಖಲೆ ಸೃಷ್ಟಿಸಿದರೆ ಏನಾಗುತ್ತದೆ ಗೊತ್ತೇ? ನಾಳೆ ಯಾರೋ ಒಬ್ಬರು ಆ ಲಾಂಛನ ತೋರಿಸಿ "ನೋಡಿ ಇದು ಸುಳ್ಳು, ಹಾಗಾದರೆ 114 ವಿಕೆಟ್ಟೂ ಸುಳ್ಳು, ಮಣ್ಣಿನ ಕುಡಿಕೆ ಕಥೆಯೂ ಸುಳ್ಳು" ಅಂತಾರೆ. ಒಂದು ಖೋಟಾ ನೋಟು ಸಿಕ್ಕಿದರೆ ಇಡೀ ಕಟ್ಟನ್ನೇ ಅನುಮಾನಿಸುತ್ತೇವೆ, ಹಾಗೆ. ಇನ್ನೊಂದು ಅನ್ಯಾಯವೂ ಇದರಲ್ಲಿದೆ. 1911ರಲ್ಲಿ ಅಂಥ ಕಾರ್ಡ್ ಇತ್ತು ಅಂತ ಜನ ನಂಬಿದರೆ, ಆ ಕಾಲ ಬಾಲೂ ಅವರನ್ನು ಗೌರವಿಸಿತ್ತು ಅಂತಲೂ ನಂಬುತ್ತಾರೆ. ಗೌರವಿಸಲಿಲ್ಲ ಅನ್ನುವುದೇ ಇಲ್ಲಿ ಮುಖ್ಯ ವಿಷಯ ಅಲ್ಲವೇ? ಸುಳ್ಳು ಕಾರ್ಡ್ ಅವರ ಮೇಲಿನ ಗೌರವದ ಹೆಸರಿನಲ್ಲಿ ಆ ಕಾಲದ ತಪ್ಪನ್ನು ತೊಳೆದುಬಿಡುತ್ತದೆ.

ಹಾಗಾಗಿ ನಾನು ನಾಲ್ಕು ನಿಯಮ ಹಾಕಿಕೊಂಡಿದ್ದೇನೆ. ಬೇರೆಯವರೂ ಪಾಲಿಸಿದರೆ ಒಳ್ಳೇದು ಅಂತ ನನ್ನ ಅಭಿಪ್ರಾಯ.

ಒಂದು: ಚಹಾ ನೀರಿನಲ್ಲಿ ಅದ್ದಬಾರದು. ಮೂಲೆ ಸವೆಸಬಾರದು, ಮಡಚಬಾರದು. ಶೈಲಿ ಹಳೇದಿರಲಿ, ಕಾಗದ ಹೊಸದಾಗೇ ಇರಲಿ. ಹಿಂದೆ ವರ್ಷ ಹಾಕಬೇಕು.

ಎರಡು: ನಡೆಯದ್ದನ್ನು ಬರೆಯಬಾರದು. ಇಲ್ಲಿ ಮುಂಬಯಿಯ ಪದ್ಮಾಕರ್ ಶಿವಾಲ್ಕರ್ ಅವರನ್ನೇ ತೆಗೆದುಕೊಳ್ಳಿ. ಪ್ರಥಮ ದರ್ಜೆಯಲ್ಲಿ 589 ವಿಕೆಟ್. 1972-73ರ ರಣಜಿ ಫೈನಲ್‌ನಲ್ಲಿ ಮದ್ರಾಸಿನ ಚೆಪಾಕ್‌ನಲ್ಲಿ 16 ರನ್ನಿಗೆ 8, ಎರಡನೇ ಇನಿಂಗ್ಸ್‌ನಲ್ಲಿ 18 ರನ್ನಿಗೆ 5. ಆದರೂ ಒಂದೇ ಒಂದು ಟೆಸ್ಟ್ ಆಡಲು ಸಿಗಲಿಲ್ಲ. ಬಿಷನ್ ಸಿಂಗ್ ಬೇಡಿ ಕಾಲದಲ್ಲಿ ಎಡಗೈ ಸ್ಪಿನ್ನರ್ ಆಗಿ ಹುಟ್ಟಿದ್ದೇ ಅವರ ದುರಾದೃಷ್ಟ. 2025ರ ಮಾರ್ಚಿನಲ್ಲಿ ಹೋಗಿಬಿಟ್ಟರು. ಠಾಣೆಯ ಸ್ನೇಹಿತರೊಬ್ಬರು "ಅವರಿಗೆ ಇಂಡಿಯಾ ಕ್ಯಾಪ್ ಹಾಕಿ ಒಂದು ಕಾರ್ಡ್ ಮಾಡಿಕೊಡಿ, ಕಣ್ಣು ತುಂಬಾ ನೋಡ್ತೀನಿ" ಅಂದರು. ಅವರ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಮಾಡಲಿಲ್ಲ. ಬೊಂಬಾಯಿ ತಂಡದ ಕ್ಯಾಪ್ ಹಾಕಿ ಮಾಡಿಕೊಟ್ಟೆ. ನಡೆದದ್ದಕ್ಕೆ ಕಾರ್ಡ್ ಇರಲಿಲ್ಲ, ಅದನ್ನು ತುಂಬಬಹುದು. ನಡೆಯದೇ ಇದ್ದದ್ದನ್ನು ನಡೆಸಿಬಿಟ್ಟರೆ, ಅವರಿಗಾದ ಅನ್ಯಾಯವನ್ನು ನಾವೇ ಅಳಿಸಿದ ಹಾಗೆ. ಸ್ನೇಹಿತರು ಸ್ವಲ್ಪ ಮುನಿಸಿಕೊಂಡರು, ಕಾರ್ಡ್ ಮಾತ್ರ ಪರ್ಸಿನಲ್ಲಿ ಇಟ್ಟುಕೊಂಡಿದ್ದಾರೆ.

ಮೂರು: ಬೇರೆಯವರ ಫೋಟೋ ಕದಿಯಬಾರದು. ನಮ್ಮ ಕಾನೂನಿನಲ್ಲಿ ಈಗ ಫೋಟೋ ತೆಗೆದವರು ಬದುಕಿರುವವರೆಗೆ, ಅವರು ತೀರಿಕೊಂಡ ಮುಂದಿನ ವರ್ಷದಿಂದ ಮತ್ತೆ 60 ವರ್ಷ ಹಕ್ಕು ಇರುತ್ತದೆ. 1911ರಲ್ಲಿ ಪ್ರಕಟವಾದ ಫೋಟೋ ಯಾರು ಬೇಕಾದರೂ ಬಳಸಬಹುದು. 1974ರಲ್ಲಿ ಪತ್ರಿಕೆಯಲ್ಲಿ ಬಂದ ಫೋಟೋ ಕಡೇಪಕ್ಷ 2034ರ ಕೊನೆಯವರೆಗಂತೂ ಬಳಸುವಂತಿಲ್ಲ. ಅದಕ್ಕೇ ಆ ಕಾಲದವರ ಚಿತ್ರವನ್ನು ನಾನು ಕೈಯಲ್ಲೇ ಬಿಡಿಸುತ್ತೇನೆ. ಚೆನ್ನಾಗಿ ಬರೋಲ್ಲ, ವಿಶ್ವನಾಥ್ ಒಮ್ಮೆ ನಮ್ಮ ಹಳೇ ಮ್ಯಾನೇಜರ್ ಥರ ಕಂಡರು. ಇರಲಿ.

ನಾಲ್ಕು: ಮಾರಬಾರದು. ದುಡ್ಡು ಕೈ ಬದಲಾದ ತಕ್ಷಣ ಮೊದಲ ನಿಯಮ ಮುರಿಯುವ ಆಸೆ ಯಾರಿಗಾದರೂ ಬರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ತೊಡಕಿನ ವಿಷಯಕ್ಕೆ ಬರಲೇಬೇಕು. ಕಾರ್ಡ್ ಅಪ್ಪಟ 1912ರ ಹಾಗೆ ಇರಬೇಕಾದರೆ ಅದರ ಹಿಂಬದಿಯಲ್ಲಿ 1912ರಲ್ಲಿ ಗೊತ್ತಿದ್ದದ್ದು ಮಾತ್ರ ಇರಬೇಕು. ಅಂದರೆ 114 ವಿಕೆಟ್ ಬರೆಯಬಹುದು. 1906ರಲ್ಲಿ ಹಿಂದೂಗಳ ತಂಡ ಯುರೋಪಿಯನ್ನರನ್ನು ಸೋಲಿಸಿದ್ದು ಬರೆಯಬಹುದು. 1923ರಲ್ಲಿ ಅವರ ತಮ್ಮ ವಿಠ್ಠಲ್ ಹಿಂದೂಗಳ ತಂಡದ ನಾಯಕರಾದದ್ದು ಬರೆಯುವಂತಿಲ್ಲ. ಆ ಪಟ್ಟ ಅಣ್ಣನಿಗೆ ಎಂದೂ ಸಿಗಲಿಲ್ಲ ಅನ್ನುವುದೂ ಬರುವುದಿಲ್ಲ. 1937ರ ಚುನಾವಣೆಯಲ್ಲಿ ಅವರು ಅಂಬೇಡ್ಕರ್ ಅವರ ಎದುರೇ ನಿಂತು ಸುಮಾರು ಎರಡು ಸಾವಿರ ಮತಗಳಿಂದ ಸೋತದ್ದೂ ಬರುವುದಿಲ್ಲ. ಇನ್ನು ಮಣ್ಣಿನ ಕುಡಿಕೆ? ಅದು 1912ಕ್ಕೆ ಮೊದಲೇ ನಡೆದದ್ದು. ಆದರೆ ಯಾವ ಸಿಗರೇಟು ಕಂಪನಿ ಅದನ್ನು ಅಚ್ಚು ಹಾಕುತ್ತಿತ್ತು ಹೇಳಿ?

ಹಳೇದನ್ನು ಕರಾರುವಾಕ್ಕಾಗಿ ಅನುಕರಿಸಿದರೆ ಆ ಕಾಲದ ಬಣ್ಣದ ಜೊತೆ ಆ ಕಾಲದ ಮೌನವನ್ನೂ ನಕಲು ಮಾಡಿದ ಹಾಗಾಗುತ್ತದೆ. ಹಾಗಾಗಿ ನನ್ನ ತೀರ್ಮಾನ ಹೀಗೆ: ಮುಂಬದಿ ಆ ಕಾಲದ್ದು, ಹಿಂಬದಿ ಈ ಕಾಲದ್ದು. ಮುಂದೆ ಕಲ್ಲಚ್ಚಿನ ಬಣ್ಣ, ಹಿಂದೆ ಇವತ್ತು ನಮಗೆ ಗೊತ್ತಿರುವ ಆರು ಸಾಲು, ಕನ್ನಡದಲ್ಲಿ. ಶುದ್ಧ ಹವ್ಯಾಸಿಗಳಿಗೆ ಇದು ಹಿಡಿಸೋದಿಲ್ಲ, 'ಕಲಬೆರಕೆ' ಅಂತಾರೆ. ಅನ್ನಲಿ. ಆ ಹಿಂಬದಿ ಇಲ್ಲದಿದ್ದರೆ ನಾನು ಮಾಡುತ್ತಿರುವುದು ಬರೀ ಚೆಂದದ ಚೀಟಿ.

ಇನ್ನೊಂದು ಎಚ್ಚರಿಕೆಯೂ ಇದೆ. ಧಾರವಾಡದಲ್ಲಿ ಹುಟ್ಟಿದರು ಅಂದ ಮಾತ್ರಕ್ಕೆ ಬಾಲೂ ಅವರ ಕಾರ್ಡಿಗೆ ಹಳದಿ ಕೆಂಪು ಬಾವುಟ ಹಾಕಿ 'ನಮ್ಮ ಕನ್ನಡಿಗ' ಅನ್ನುವ ಆಸೆ ನನಗೂ ಬಂತು. ಹಾಕಲಿಲ್ಲ. ಅವರ ಮನೆತನ ಕೊಂಕಣದ್ದು, ಬದುಕು ಪುಣೆ ಬೊಂಬಾಯಿಯದು, ತಮ್ಮ ವಿಠ್ಠಲ್ ಆತ್ಮಕಥೆ ಬರೆದದ್ದು ಮರಾಠಿಯಲ್ಲಿ. ಮೂವತ್ತು ವರ್ಷ ಇಲ್ಲಿ ಬಾಳಿದ ನಮ್ಮಂಥವರಿಗೆ ಇದು ಅರ್ಥವಾಗಬೇಕು. ಒಬ್ಬ ಮನುಷ್ಯ ಎರಡು ಊರಿನವನಾಗಿರಬಹುದು. "ಜನನ: ಧಾರವಾಡ" ಅಂತ ಒಂದು ಸಾಲು ಸಾಕು.

"ಇಷ್ಟು ಕಷ್ಟ ಯಾಕೆ, ಒಂದು ಲೇಖನ ಬರೆದರೆ ಆಗೋಲ್ಲವೇ?" ಅಂತಲೂ ಕೇಳುತ್ತಾರೆ. ಬರೆಯಬಹುದು, ಓದುವವರು ಬೇಕಲ್ಲ! ಕಾರ್ಡಿಗೆ ಒಂದು ಗುಣ ಇದೆ, ಅದು ಲೇಖನಕ್ಕಿಲ್ಲ. ಎಲ್ಲರಿಗೂ ಒಂದೇ ಅಳತೆ. ಟಾಪ್ಸ್ 1957ರಲ್ಲಿ ಎರಡೂವರೆ ಇಂಚು, ಮೂರೂವರೆ ಇಂಚು ಅಂತ ನಿಗದಿ ಮಾಡಿದ್ದು ಈಗಲೂ ಪ್ರಮಾಣ. 1911ರ ತಂಡದ ನಾಯಕ ಪಟಿಯಾಲದ ಭೂಪಿಂದರ್ ಸಿಂಗ್ ಮಹಾರಾಜರು ಆ ಪ್ರವಾಸದಲ್ಲಿ ಕೆಲವೇ ಪಂದ್ಯ ಆಡಿ, ಉಳಿದ ಸಮಯ ಅರಮನೆಗಳ ಔತಣದಲ್ಲಿ ಕಳೆದರು. ಅವರಿಗೂ ಎರಡೂವರೆ ಇಂಚು, ಬಾಲೂ ಅವರಿಗೂ ಎರಡೂವರೆ ಇಂಚು. ಪಕ್ಕಪಕ್ಕ ಇಟ್ಟು, ತಿರುಗಿಸಿ, ಹಿಂದಿನ ಅಂಕಿ ನೋಡಿದರೆ ಯಾರು ದೊರೆ ಅಂತ ಎಂಟು ವರ್ಷದ ಮಗುವಿಗೂ ಗೊತ್ತಾಗುತ್ತದೆ. ನಮ್ಮ ಕಾಲದಲ್ಲಿ ಟ್ರಂಪ್ ಕಾರ್ಡ್ ಆಡಿದವರಿಗೆ ಇದನ್ನು ವಿವರಿಸಬೇಕಿಲ್ಲ. 1987ರ ವಿಶ್ವಕಪ್ ಹೊತ್ತಿಗೆ ನನ್ನ ತಮ್ಮ ಬಿಗ್ ಫನ್ ಬಬಲ್ ಗಮ್ಮಿನ ಚೀಟಿಗಳನ್ನು ಕೂಡಿಡುತ್ತಿದ್ದ. ಶಾಲೆಯ ಪಾಠ ನೆನಪಿಲ್ಲ, ಆ ಅಂಕಿಗಳು ಈಗಲೂ ಅವನ ಬಾಯಲ್ಲಿವೆ.

ಅಂಕಿಗಳೇ ಕಥೆ ಹೇಳುವುದುಂಟು. ನಮ್ಮ ಬಿ.ಎಸ್. ಚಂದ್ರಶೇಖರ್ ಕಾರ್ಡಿನ ಹಿಂದೆ ಎರಡೇ ಅಂಕಿ ಹಾಕಿದ್ದೇನೆ. ಟೆಸ್ಟ್ ವಿಕೆಟ್ 242, ಟೆಸ್ಟ್ ರನ್ 167. ನೋಡಿದವರೆಲ್ಲ ಮೊದಲು ನಗುತ್ತಾರೆ. ಕೆಳಗೆ, ಬಾಲ್ಯದಲ್ಲಿ ಪೋಲಿಯೋ ತಗುಲಿದ ಕೈಯಲ್ಲೇ ಚೆಂಡು ಹಾಕಿದರು, 1971ರಲ್ಲಿ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡಿನಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವು ತಂದುಕೊಟ್ಟರು ಅಂತ ಓದಿದ ಮೇಲೆ ನಗು ನಿಲ್ಲುತ್ತದೆ.

1974ರ ಸೆಟ್ ಮಾಡುವಾಗ ಮಾತ್ರ ನಾನು ಪಕ್ಷಪಾತಿ, ಮುಚ್ಚಿಡೋದಿಲ್ಲ. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದದ್ದು 1973ರ ನವೆಂಬರ್ 1ಕ್ಕೆ. ಆ ಹೆಸರಿನಲ್ಲಿ ಆಡಿದ ಮೊದಲ ಋತುವಿನಲ್ಲೇ, ಸತತ ಹದಿನೈದು ವರ್ಷ ರಣಜಿ ಗೆದ್ದಿದ್ದ ಬೊಂಬಾಯಿಯನ್ನು ಬೆಂಗಳೂರಿನ ಸೆಮಿಫೈನಲ್‌ನಲ್ಲಿ ತಡೆದರು. ವಿಶ್ವನಾಥ್ 162, ಗಾವಸ್ಕರರನ್ನು ಬೌಲ್ಡ್ ಮಾಡಿದ ಪ್ರಸನ್ನ, ಜಾರಿ ಬಿದ್ದು ರನೌಟಾದ ವಾಡೇಕರ್. ಆಮೇಲೆ ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ರಣಜಿ ಕಪ್. ಇಲ್ಲಿನ ಲೋಕಲ್ ರೈಲಿನಲ್ಲಿ ಮರಾಠಿ ಗೆಳೆಯರ ಕೈಗೆ ಈ ಸೆಟ್ ಕೊಟ್ಟರೆ ಕಲ್ಯಾಣದಿಂದ ದಾದರ್‌ವರೆಗೂ ವಾದ ಮುಗಿಯೋದಿಲ್ಲ. "ಅರೇ, ವಾಡೇಕರ್ ಜಾರದೇ ಇದ್ದಿದ್ದರೆ!" ಅಂತಾರೆ. ಜಾರದೇ ಇದ್ದ ಕಾರ್ಡ್ ನಾನು ಮಾಡೋದಿಲ್ಲ ಅಂತ ಹೇಳಿದ್ದೇನೆ. ಎರಡನೇ ನಿಯಮ!

ಕೊನೆಗೆ ಒಂದು ಕಾರ್ಡಿನ ಬಗ್ಗೆ ಹೇಳಲೇಬೇಕು. 2025ರ ನವೆಂಬರ್ 2ರಂದು ನಮ್ಮ ನವಿ ಮುಂಬಯಿಯ ನೆರೂಳದಲ್ಲಿ, ಡಿ.ವೈ. ಪಾಟೀಲ್ ಮೈದಾನದಲ್ಲಿ ಭಾರತದ ಹೆಣ್ಣುಮಕ್ಕಳು ದಕ್ಷಿಣ ಆಫ್ರಿಕಾವನ್ನು 52 ರನ್ನುಗಳಿಂದ ಸೋಲಿಸಿ ವಿಶ್ವಕಪ್ ಗೆದ್ದರು. ಶಫಾಲಿ ವರ್ಮಾ 87, ದೀಪ್ತಿ ಶರ್ಮಾ ಅರ್ಧಶತಕದ ಜೊತೆ ಐದು ವಿಕೆಟ್. ಆ ರಾತ್ರಿ ಇಲ್ಲೆಲ್ಲ ಪಟಾಕಿ. ಮರುದಿನ ಫೋನ್ ಫೋನಿನಲ್ಲೂ ಅವರ ಚಿತ್ರ. ಇನ್ನು ಮೇಲೆ ಅವರ ಚಿತ್ರಕ್ಕೆ, ಪೋಸ್ಟರಿಗೆ, ಕಾರ್ಡಿಗೆ ಕೊರತೆ ಇರೋದಿಲ್ಲ, ಬಹಳ ಸಂತೋಷ. ಆದರೆ ಈ ಸಾಲಿನ ಮೊದಲಿಗೆ ನಿಂತವರು ಯಾರು? 1976ರ ಅಕ್ಟೋಬರ್ 31ರಂದು ಬೆಂಗಳೂರಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಭಾರತದ ಮಹಿಳೆಯರು ಮೊದಲ ಟೆಸ್ಟ್ ಆಡಲು ಇಳಿದಾಗ ನಾಯಕಿ ಶಾಂತಾ ರಂಗಸ್ವಾಮಿ. ಅದೇ ಸರಣಿಯಲ್ಲಿ ಪಾಟ್ನಾದಲ್ಲಿ ಮೊದಲ ಗೆಲುವು. ಮರುವರ್ಷ ನ್ಯೂಜಿಲೆಂಡಿನ ಡನೆಡಿನ್‌ನಲ್ಲಿ 108, ಭಾರತದ ಮಹಿಳೆಯೊಬ್ಬರ ಮೊದಲ ಟೆಸ್ಟ್ ಶತಕ. ಒಟ್ಟು 16 ಟೆಸ್ಟ್, 750 ರನ್, 21 ವಿಕೆಟ್. ಹೊಟ್ಟೆಪಾಡಿಗೆ ಕೆನರಾ ಬ್ಯಾಂಕಿನಲ್ಲಿ ನೌಕರಿ, ಜನರಲ್ ಮ್ಯಾನೇಜರ್ ಹುದ್ದೆಯವರೆಗೆ ಏರಿದರು. ಬ್ಯಾಂಕಿನವನಾಗಿ ಇದನ್ನು ಕೊಂಚ ಜಂಬದಿಂದಲೇ ಹೇಳುತ್ತೇನೆ.

1976ರಲ್ಲಿ ಒಬ್ಬ ಹುಡುಗಿ ಅವರ ಕಾರ್ಡನ್ನು ಕಂಪಾಸ್ ಬಾಕ್ಸಿನಲ್ಲಿ ಇಟ್ಟುಕೊಂಡಿದ್ದರೆ ಏನಾಗುತ್ತಿತ್ತು? ಹೇಳಲು ಬರೋದಿಲ್ಲ. ಆದರೆ ಒಂದಂತೂ ನಿಜ. ಮಕ್ಕಳು ಯಾರಂತಾಗಬೇಕು ಅಂತ ಕನಸು ಕಾಣುವುದು ಕೈಗೆ ಸಿಕ್ಕಿದ ಚಿತ್ರಗಳನ್ನು ನೋಡಿಯೇ. ಯಾರ ಚಿತ್ರ ಅಚ್ಚಾಗಬೇಕು ಅಂತ ತೀರ್ಮಾನಿಸುವವನು ಸಿಗರೇಟು ಮಾರುವವನೋ ಗಮ್ ಮಾರುವವನೋ ಆಗಿದ್ದಾಗ, ಕೆಲವರ ಕನಸಿಗೆ ಚಿತ್ರವೇ ಇರಲಿಲ್ಲ. ಅಚ್ಚಾಗದ ಕಾರ್ಡುಗಳನ್ನು ಈಗ ಮಾಡುವುದರಿಂದ ಆ ನಷ್ಟ ತುಂಬುವುದಿಲ್ಲ. ಖಾತೆಯಲ್ಲಿ ಅಷ್ಟು ಬಾಕಿ ಇದೆ ಅಂತ ತೋರಿಸುತ್ತದೆ, ಅಷ್ಟೇ. ಆದರೆ ಬಾಕಿ ಎಷ್ಟು ಅಂತ ಗೊತ್ತಾಗುವುದು ಸಣ್ಣ ಕೆಲಸವಲ್ಲ.

ಅದಕ್ಕೇ ನನ್ನದೊಂದು ಸಲಹೆ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ನಮ್ಮ ಕನ್ನಡ ಸಂಘಗಳು ರಾಜ್ಯೋತ್ಸವಕ್ಕೆ ಮಕ್ಕಳಿಂದ ಭಾಷಣ ಮಾಡಿಸುತ್ತವೆ. ತಂದೆ ಬರೆದುಕೊಟ್ಟದ್ದನ್ನು ಮಗು ಬಾಯಿಪಾಠ ಒಪ್ಪಿಸುತ್ತದೆ, ಸ್ಟೀಲ್ ಡಬ್ಬಿ ಬಹುಮಾನ ತಗೊಂಡು ಹೋಗುತ್ತದೆ. ಇಲ್ಲಿ ಹುಟ್ಟಿದ ನಮ್ಮ ಮಕ್ಕಳು ಕನ್ನಡ ಮಾತಾಡುತ್ತಾರೆ, ಓದಲು ಬರೋದಿಲ್ಲ. ಪುಸ್ತಕ ಕೊಟ್ಟರೆ ಓಡುತ್ತಾರೆ. ಆರು ಸಾಲು ಓದುತ್ತಾರೆ, ಅದೂ ತಾವೇ ಬಿಡಿಸಿದ ಚಿತ್ರದ ಹಿಂದಿನ ಆರು ಸಾಲಾದರೆ ಖಂಡಿತ ಓದುತ್ತಾರೆ. ಈ ಸಲ ಭಾಷಣದ ಬದಲು ಕಾರ್ಡ್ ಮಾಡಿಸಿ. ಪ್ರತಿ ಮಗುವಿಗೆ ಒಬ್ಬ ವ್ಯಕ್ತಿ: ಮುಂದೆ ಚಿತ್ರ, ಹಿಂದೆ ಆರು ಸಾಲು, ಅವರಿಗೆ ಕಾರ್ಡ್ ಯಾಕೆ ಬರಲಿಲ್ಲ ಅನ್ನುವುದಕ್ಕೆ ಒಂದು ಸಾಲು, 'ಈಗ ಮಾಡಿದ್ದು' ಅನ್ನುವುದಕ್ಕೆ ಒಂದು ಸಾಲು. ಕ್ರಿಕೆಟ್ಟೇ ಆಗಬೇಕೆಂದಿಲ್ಲ. ಕುಸ್ತಿ ಇರಲಿ, ಖೋಖೋ ಇರಲಿ, ನಾಟಕ ಕಂಪನಿಯವರಿರಲಿ.

ಖರ್ಚೂ ಹೆಚ್ಚಿಲ್ಲ. ಒಂದು ಎ-ಫೋರ್ ಹಾಳೆಗೆ ಒಂಬತ್ತು ಕಾರ್ಡ್ ಕೂರುತ್ತವೆ. ನನ್ನ ಮೊದಲ ಹಾಳೆಯಲ್ಲಿ ಬಾಲೂ, ವಿಠ್ಠಲ್, ಪಟಿಯಾಲ ಮಹಾರಾಜರು, ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್, ಶಿವಾಲ್ಕರ್, ಶಾಂತಾ ಇದ್ದಾರೆ. ಎಂಟಾಯಿತು. ಒಂಬತ್ತನೇ ಮನೆ ಖಾಲಿ ಬಿಟ್ಟಿದ್ದೇನೆ. ಅಲ್ಲಿ ಯಾರು ಬರಬೇಕು, ನೀವೇ ಹೇಳಿ. ಒಂದೇ ಷರತ್ತು, ಹಿಂಬದಿಗೆ ಬರೆಯುವ ಆರು ಸಾಲೂ ನಿಜವಿರಬೇಕು.